ಎರಡು ವಿಮಾನ ನಿಲ್ದಾಣಗಳ ನಡುವೆ ಚಿಕ್ಕಮ್ಮ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಫೋನ್ ಬಂತು. ಸರಸ್ವತಿಪುರಂನ ಟ್ಯುಟೋರಿಯಲ್ಲಿನಲ್ಲಿ ನಾನು ಪಾಠ ಮಾಡುವ ಅಕೌಂಟೆನ್ಸಿ ತರಗತಿ ಆಗಷ್ಟೇ ಶುರುವಾಗಿತ್ತು. ಮುಂಬೈಯಿಂದ ಮಾತಾಡುತ್ತಿದ್ದವರು ನಮ್ಮ ಹಿಂದಿನ ಬೀದಿಯ ನಿವೃತ್ತ ಬ್ಯಾಂಕ್ ಅಧಿಕಾರಿ.

“ಗಾಬರಿ ಆಗ್ಬೇಡಿ ಕಣಮ್ಮ. ನಿಮ್ಮ ಚಿಕ್ಕಮ್ಮನ ಫ್ಲೈಟು ಇಲ್ಲಿಂದ ಅಲ್ವಂತೆ. ಇನ್ನೊಂದು ಏರ್‌ಪೋರ್ಟಿಂದಂತೆ.”

“ಇನ್ನೊಂದು ಅಂದ್ರೆ?”

“ಹೊಸದು. ಊರಾಚೆ, ಕೊಲ್ಲಿ ದಾಟಿ ಹೋಗ್ಬೇಕಂತೆ. ನಮ್ದು ಮಾತ್ರ ಇಲ್ಲಿಂದಾನೇ.”

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಅಮ್ಮ ಹೋದ ಮೇಲೆ ಅಗ್ರಹಾರದ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಬಾಣಂತನ ಮಾಡುವುದರಲ್ಲಿ ಅವಳಿಗೆ ನಮ್ಮ ಕಡೆ ಹೆಸರಿದೆ. ನೀರು ಹಾಕುವುದು, ಪಥ್ಯದ ಅಡುಗೆ, ಮಗುವಿಗೆ ಎಣ್ಣೆ ತಿಕ್ಕುವುದು ಎಲ್ಲಕ್ಕೂ ಅವಳನ್ನೇ ಕರೆಯುತ್ತಾರೆ. ಮಸ್ಕತ್ತಿನಲ್ಲಿರುವ, ಹೆತ್ತ ತಾಯಿ ಇಲ್ಲದ ಹಳೆಯ ನೆರೆಮನೆಯ ಹುಡುಗಿಯೊಬ್ಬಳು ಅತ್ತು ಕರೆದಿದ್ದಳು. ಚಿಕ್ಕಮ್ಮ ಒಪ್ಪಿಬಿಟ್ಟಳು. ಅದುವರೆಗೆ ಅವಳು ವಿಮಾನವನ್ನು ನೋಡಿದ್ದು ಕತ್ತೆತ್ತಿ ಮಾತ್ರ.

ನಮ್ಮಲ್ಲಿ ಹೀಗೆ ಮೊದಲ ಸಲ ಹೊರಡುವವರಿಗೆ ಟಿಕೆಟ್ಟಿಗಿಂತ ಮೊದಲು ಹುಡುಕುವುದು ಒಂದು ಜೊತೆ. ದೇವಸ್ಥಾನದಲ್ಲಿ, ಹಾಲಿನ ಬೂತಿನಲ್ಲಿ, ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುತ್ತಾರೆ: ಆ ಕಡೆ ಯಾರಾದರೂ ಹೋಗುವವರಿದ್ದಾರಾ? ಸಿಕ್ಕರೆ ಅರ್ಧ ಪ್ರಯಾಣ ಮುಗಿದ ಹಾಗೆ. ನಮಗೆ ಸಿಕ್ಕವರು ಈ ಬ್ಯಾಂಕ್ ದಂಪತಿಗಳು. ಅವರೂ ಅದೇ ದಿನ ಮಸ್ಕತ್ತಿಗೆ ಹೊರಟಿದ್ದರು. ಮುಂಬೈವರೆಗೆ ಒಂದೇ ವಿಮಾನ. ಅಲ್ಲಿಂದಾಚೆಗೆ ಕಂಪನಿ ಬೇರೆ, ಆದರೆ ಹೊರಡುವ ಹೊತ್ತಿನಲ್ಲಿ ಹತ್ತು ನಿಮಿಷ ಮಾತ್ರ ವ್ಯತ್ಯಾಸ. “ಅಕ್ಕಪಕ್ಕದ ಗೇಟು ಇರುತ್ತೆ ಬಿಡಿ, ಕಾಫಿ ಕುಡಿಸಿ ಹತ್ತಿಸ್ತೀನಿ,” ಎಂದು ಅವರು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ್ದರು. ಊರಿಗೊಂದು ವಿಮಾನ ನಿಲ್ದಾಣ ಎಂಬುದು ಅವರ ಲೆಕ್ಕ. ನಮ್ಮ ಮಂಡಕಳ್ಳಿಯ ಪುಟ್ಟ ನಿಲ್ದಾಣ ನೋಡಿಕೊಂಡು ಬೆಳೆದ ನನ್ನ ಲೆಕ್ಕವೂ ಅದೇ.

ಆ ಹತ್ತು ನಿಮಿಷ ಕಾಕತಾಳೀಯವಲ್ಲ ಎಂದು ಆಮೇಲೆ ತಿಳಿಯಿತು. ಒಂದು ಕಂಪನಿ ತನ್ನ ಹೊರದೇಶದ ವಿಮಾನಗಳನ್ನು ಹೊಸ ನಿಲ್ದಾಣಕ್ಕೆ ಸಾಗಿಸಿ, ಅಲ್ಲಿಗೆ ಜನರನ್ನು ಎಳೆಯಲು ದರ ಇಳಿಸಿತ್ತು. ಇನ್ನೊಂದು ಹಳೆಯ ನಿಲ್ದಾಣ ಬಿಡದೆ, ಎದುರಾಳಿ ಹೊರಡುವ ಹೊತ್ತಿಗೇ ತನ್ನದನ್ನೂ ಹೊರಡಿಸುತ್ತಿತ್ತು. ಪೈಪೋಟಿಯಲ್ಲಿ ಇಬ್ಬರೂ ಒಂದೇ ಊರಿಗೆ, ಒಂದೇ ಸಂಜೆ, ಊರಿನ ಎರಡು ತುದಿಗಳಿಂದ. ಹಳೆಯ ನಿಲ್ದಾಣದ ಕೌಂಟರಿನಲ್ಲಿ ವಿಚಾರಿಸಿದರೆ, “ಅದು ನಮ್ಮ ಕಂಪನಿ ಅಲ್ಲ” ಎಂದು ಮುಖ ತಿರುಗಿಸಿದರಂತೆ.

ಬ್ಯಾಂಕಿನವರು ಚಿಕ್ಕಮ್ಮನನ್ನು ಟ್ಯಾಕ್ಸಿಗೆ ಹತ್ತಿಸಿದರು. “ನಮ್ದೂ ಹೊತ್ತಾಯ್ತು ಕಣಮ್ಮ, ಬೇಜಾರು ಮಾಡ್ಕೋಬೇಡಿ,” ಎಂದು ಎರಡು ಸಲ ಹೇಳಿದರು. ನಾನು ಹುಡುಗರನ್ನು ಮನೆಗೆ ಕಳಿಸಿ ಮೆಟ್ಟಿಲ ಮೇಲೆ ಕುಳಿತೆ. ಚಿಕ್ಕಮ್ಮನಿಗೆ ಹಿಂದಿ ಬಾರದು. ಅವಳ ಫೋನಿಗೆ ಕರೆ ಮಾಡಿ, ಇಡಬೇಡ, ಸ್ಪೀಕರಿನಲ್ಲೇ ಇರಲಿ ಎಂದೆ. ಚಾಲಕ ನನ್ನ ಹರಕು ಹಿಂದಿಗೆ ನಕ್ಕು, ತಲುಪಿಸುತ್ತೇನೆ ಎಂದ.

“ಇವ್ನು ಓಡ್ಸೋ ರೀತಿ ನೋಡಿದ್ರೆ ಇಲ್ಲಿಂದ್ಲೇ ಹಾರಿಸ್ಬುಡ್ತಾನೆ ಕಣೇ,” ಎಂದಳು ಚಿಕ್ಕಮ್ಮ. “ಮಸ್ಕತ್ತಿಗೆ ಟಿಕೆಟ್ಟೇ ಬೇಕಾಗಿಲ್ಲ.”

“ನಿಧಾನ ಹೋಗು ಅನ್ನು.”

“ಹೆಂಗನ್ಲಿ? ಮರಾಠೀಲಿ ಬಯ್ಯೋಕ್ ಬರತ್ತಾ ನಂಗೆ?”

ಸುಮಾರು ಒಂದು ಗಂಟೆ ಹೀಗೇ. ಲಾರಿಗಳು, ಮೇಲ್ಸೇತುವೆಗಳು, ಕಣ್ಣಿಗೆ ಬಿದ್ದದ್ದೆಲ್ಲ ಹೇಳುತ್ತಾ ಹೋದಳು. ಆಮೇಲೆ, “ನೀರು ಕಾಣ್ತಿದೆ ಕಣೇ, ಎರಡೂ ಕಡೆ…” ಎಂದಳು.

ಆಗ ಬಂದದ್ದು ಪಟಾಕಿಯಂಥ ಸದ್ದು. ಹಿಂದೆಯೇ ಉದ್ದವಾಗಿ ರಬ್ಬರು ಉಜ್ಜುವ ಕಿರುಚು, ಒಂದು ಬಡಿತ, ಇನ್ನೊಂದು ಬಡಿತ. ಸ್ಟೀಲಿನ ಏನೋ ಉರುಳಿತು. ಯಾವುದೋ ವಾಹನದ ಹಾರ್ನ್ ಹತ್ತಿರ ಬಂದು ದಾಟಿ ಹೋಯಿತು. ಮತ್ತೆ ಏನೂ ಇಲ್ಲ. ಲೈನ್ ಕಡಿದಿರಲಿಲ್ಲ, ಪರದೆಯ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ನಾನು ಚಿಕ್ಕಮ್ಮ, ಚಿಕ್ಕಮ್ಮ ಎಂದು ಕೂಗುತ್ತಿದ್ದೆ. ಕೆಳಗಿನ ಜೆರಾಕ್ಸ್ ಅಂಗಡಿಯವರು ಹೊರಬಂದು ನೋಡಿದರು. ಎಷ್ಟು ಹೊತ್ತು ಕೂಗಿದೆನೋ. ಆಮೇಲೆ ಲೈನೂ ಹೋಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಕತ್ತಲಾಗುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಹಿಂದಿಯಲ್ಲಿ ಯಾರೋ ಹೆಂಗಸು. ಅವಳ ಹಿಂದೆಯೇ ಚಿಕ್ಕಮ್ಮನ ಸ್ವರ.

“ಟೈರ್ ಒಡೆದ್ಹೋಯ್ತು ಕಣೇ. ಮೊಣಕೈ ತರಚಿದೆ, ಅಷ್ಟೇ. ಲೇಹ್ಯದ ಡಬ್ಬಿ ಸೊಟ್ಟಗಾಗಿದೆ, ಒಳಗಿರೋದು ಚೆನ್ನಾಗಿದೆ.”

“ನೀನು ವಾಪಸ್ ಬಾ. ನಾನು ಈಗಲೇ ಹೊರಡ್ತೀನಿ.”

“ಬಂದು? ಆ ಹುಡುಗಿಗೆ ದಿನ ತುಂಬಿದೆ. ನಾಳೆ ಫ್ಲೈಟಿಗೆ ಜಾಗ ಕೊಡ್ತಾರಂತೆ. ನೀನು ಊಟ ಮಾಡಿ ಮಲಕ್ಕೋ.”

ಹಿಂದಿನ ಕಾರಿನಲ್ಲಿ ಬರುತ್ತಿದ್ದ ಆ ಹೆಂಗಸಿನ ಕುಟುಂಬವೇ ಅವಳನ್ನು ಹೊಸ ನಿಲ್ದಾಣಕ್ಕೆ ಬಿಟ್ಟಿತು. ಮಾರನೆಯ ದಿನ ಅವಳು ಹೋದಳು. ಎರಡು ದಿನಕ್ಕೆ ಮಗು ಹುಟ್ಟಿತು, ಹೆಣ್ಣು.

ನಾನು ಮಲಗಲಿಲ್ಲ. ಅಂದು ಮಾತ್ರವಲ್ಲ, ಆಮೇಲೂ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತಿಗೆ ಆ ಸದ್ದು, ಅದರ ಹಿಂದೆ ಆ ಮೌನ. ನಾನು ಏನನ್ನೂ ಕಂಡಿರಲಿಲ್ಲ, ಕೇಳಿದ್ದೆ ಅಷ್ಟೇ. ಕಾಣದ್ದರಿಂದ ಪ್ರತಿ ಸಲವೂ ಬೇರೆ ಬೇರೆ ಕಾಣುತ್ತಿತ್ತು. ಒಮ್ಮೆ ಕಾರು ನೀರಿಗೆ ಬೀಳುತ್ತಿತ್ತು, ಒಮ್ಮೆ ಲಾರಿಯ ಕೆಳಗೆ. ಎದ್ದು ಅಡುಗೆಮನೆಯ ದೀಪ ಹಾಕಿ ಕೂರುತ್ತಿದ್ದೆ. ಒಬ್ಬಳಿಗೆ ಸಾರು ಮಾಡುವುದು ಬೇಸರವಾಗಿ ಟ್ಯುಟೋರಿಯಲ್ಲಿನ ಎದುರಿನ ಹೋಟೆಲಿನಲ್ಲೇ ತಿಂದು ಬರುತ್ತಿದ್ದೆ.

ಯಾರಿಗೆ ಹೇಳುವುದು? ಜೊತೆಯ ಅಧ್ಯಾಪಕಿಯೊಬ್ಬರು, “ಏನೂ ಆಗ್ಲಿಲ್ವಲ್ರೀ, ಆಗಿದ್ದಿದ್ರೆ ಒಂದು ಮಾತು,” ಎಂದರು. ಅದು ನಿಜವೇ. ಆಪತ್ತಿನಲ್ಲಿದ್ದವಳು ಕಡಲಾಚೆ ಆರಾಮಾಗಿ ಮೆಂತ್ಯದ ಹಿಟ್ಟು ಕಲಸುತ್ತಿದ್ದಳು. ಹೆದರಿಕೆ ಮಾತ್ರ ನನ್ನ ಬಳಿ ಉಳಿದಿತ್ತು. ವಿಡಿಯೊ ಕರೆಯಲ್ಲಿ ಅವಳು ಮಗುವಿನ ಪಾದ ತೋರಿಸುವಳು, ನಾನು ನಗುವೆನು. ಆ ದಿನದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಬಳಿ ಚಿಕ್ಕಮ್ಮನ ವಿಮಾನದ ಕಂಪನಿಯ ಜಾಹೀರಾತು ಫಲಕ ಎದ್ದಿತ್ತು, ನಗುವ ಕುಟುಂಬ, ನೀಲಿ ಆಕಾಶ. ಕೆಲವು ವಾರದಲ್ಲಿ ಎದುರಾಳಿಯದು ಇನ್ನೂ ದೊಡ್ಡದಾಗಿ ಅದರ ಪಕ್ಕದಲ್ಲೇ ಬಂತು. ನಾನು ಆ ದಾರಿ ಬಿಟ್ಟು ದೇವರಾಜ ಮೊಹಲ್ಲಾದ ಒಳಗಿನಿಂದ ನಡೆದು ಹೋಗತೊಡಗಿದೆ.

ಮೂರು ತಿಂಗಳ ಬಾಣಂತನ ಮುಗಿಸಿ ಅವಳು ನೇರ ಬೆಂಗಳೂರಿಗೆ ಬಂದಿಳಿದಳು. ಹೋಗಿ ಕರೆತಂದೆ. ಮನೆಯಲ್ಲಿ ಅವಳು ಪಕ್ಕದಲ್ಲೇ ಮಲಗಿದ್ದರೂ ನನಗೆ ಎಚ್ಚರವಾಗುತ್ತಿತ್ತು. ಒಂದು ಶನಿವಾರ ಸಂಜೆ ಇಬ್ಬರೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ, “ನೀನೇನು, ನಾನಿಲ್ದೆ ಇದ್ದಾಗ ಊಟಾನೇ ಮಾಡ್ಲಿಲ್ವಾ?” ಎಂದಳು.

ಆಗ ಕೇಳಿದೆ. “ಟೈರ್ ಒಡೆದ ಮೇಲೆ ಯಾಕೆ ಮಾತಾಡ್ಲಿಲ್ಲ?”

ಅವಳಿಗೆ ತಕ್ಷಣ ನೆನಪಾಗಲಿಲ್ಲ. ಕಾಳನ್ನು ಬಟ್ಟಲಿಗೆ ಹಾಕಿ ಸ್ವಲ್ಪ ಯೋಚಿಸಿದಳು.

“ಆ ಡ್ರೈವರ್ ಹಣೆ ಒಡೆದಿತ್ತು ಕಣೇ. ಸೆರಗು ಒತ್ತಿ ಹಿಡ್ಕೊಂಡಿದ್ದೆ, ಕೈ ತೆಗೆದ್ರೆ ರಕ್ತ. ಫೋನ್ ಸೀಟಿನಡಿ ಬಿದ್ದಿತ್ತು. ನೀನು ಕೂಗ್ತಿದ್ದೆ.”

“ಕೇಳಿಸ್ತಿತ್ತಾ?”

“ಪೂರ್ತಿ. ಓ ಅಂದೆ ನಾನೂ, ಒಂದೆರಡು ಸಲ. ಗಂಟಲಲ್ಲಿ ದನಿಯೇ ಬರ್ಲಿಲ್ಲ. ಆಮೇಲೆ ನಿನ್ನ ಕೂಗು ನಿಂತ್ಹೋಯ್ತು. ನಿಂತ ಮೇಲೇ ನಂಗೆ ಭಯ ಆಗಿದ್ದು. ಅಲ್ಲೀವರ್ಗೂ ನೀನು ಕಾರೊಳಗೇ ಎಲ್ಲೋ ಇದೀಯಾ ಅನ್ನಿಸ್ತಿತ್ತು.”

“ಅವನು?”

“ಎದ್ದು ಕೂತು ಮೊದಲು ಕೇಳಿದ್ದು ಕಾರಿನ ಬಂಪರ್ ಏನಾಯ್ತು ಅಂತ. ಬದುಕ್ಕೊಂಡ ಅಂತ ಆಗ್ಲೇ ಗೊತ್ತಾಯ್ತು.”

ಮೂರು ತಿಂಗಳು ನಾನು ಕೇಳಿಸಿಕೊಂಡ ಆ ಮೌನದೊಳಗೆ ಅವಳು ಇಷ್ಟೆಲ್ಲ ಮಾಡುತ್ತಿದ್ದಳು, ನನ್ನನ್ನು ಕೇಳುತ್ತಲೂ ಇದ್ದಳು. ಅವಳು ಸಿಪ್ಪೆಗಳನ್ನು ಕಾಗದದಲ್ಲಿ ಸುತ್ತಿ ಒಳಗೆ ಹೋದಳು.

ಮಾರನೆಯ ದಿನ ಭಾನುವಾರ. ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು.

“ಎರಡು ಸಲ ಕರೆದೆ. ಒಗ್ಗರಣೆ ಘಾಟಿಗೂ ಏಳ್ಲಿಲ್ವಲ್ಲೇ ನೀನು,” ಎಂದಳು.