ತಂಗಿಯನ್ನು ಎಲ್ಲಿ ಕೊಯ್ಯಿಸುವುದು

ನನ್ನ ತಂಗಿಗೆ ಮುದ್ದೆ ಇಳಿಯುವುದು ನಿಂತಿತು. ಮೊದಲು ಸಾರು ಸರಿಯಿಲ್ಲ ಎಂದು ಸೊಸೆಯನ್ನು ಬೈದಳು. ಆಮೇಲೆ ರಾಗಿ ಸರಿಯಿಲ್ಲ ಎಂದಳು. ನೀರೂ ನಿಂತು ನಿಂತು ಇಳಿಯಲು ಶುರುವಾದ ಮೇಲೆ ಡಾಕ್ಟರ ಹತ್ತಿರ ಹೋದರು. ಬಾಯಿಂದ ಟ್ಯೂಬು ಇಳಿಸಿ ನೋಡಿ, ಒಂದು ಚೂರು ತೆಗೆದು ಕಳಿಸಿ, ಅನ್ನನಾಳದ ಕ್ಯಾನ್ಸರ್ ಎಂದರು. ಸೊಸೆ ಆವತ್ತು ಹೊಟ್ಟೆತುಂಬ ಉಂಡಳು. ತಪ್ಪು ಅವಳ ಸಾರಿನದಲ್ಲ ಎಂದು ರಿಪೋರ್ಟಿನಲ್ಲೇ ಬಂದಿತ್ತು.

ಮೊದಲು ರೇಡಿಯೇಷನ್ ಕರೆಂಟು ಕೊಟ್ಟು, ಔಷಧಿ ಹಾಕಿ ಗಡ್ಡೆ ಕುಗ್ಗಿಸಿದರು. ಆಮೇಲೆ ಆಪರೇಷನ್ ಎಂದರು. ನಾಳ ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆ ಎಳೆದು ಕತ್ತಿನ ಹತ್ತಿರ ಹೊಲಿಯಬೇಕಂತೆ. ಅದನ್ನು ಎಲ್ಲಿ ಮಾಡಿಸುವುದು ಎಂಬುದೇ ಜಗಳವಾಯಿತು. ನಾನು ಬೆಂಗಳೂರಿನ ದೊಡ್ಡಾಸ್ಪತ್ರೆ ಎಂದೆ.

ನಾನಿರುವುದು ನಂಜನಗೂಡು. ತಂಗಿಯನ್ನು ಕೊಟ್ಟಿರುವುದು ತಿ. ನರಸೀಪುರದ ಆಚೆ, ಮುಡುಕುತೊರೆಯ ಹತ್ತಿರ. ನಾನು ಹೋದಾಗ ಅವಳ ಗಂಡ ಆಗಲೇ ಹತ್ತಿರದ ಒಂದು ಆಸ್ಪತ್ರೆ ಗೊತ್ತು ಮಾಡಿಕೊಂಡು ಕೂತಿದ್ದ.

"ಬಸ್ಸು ಆಸ್ಪತ್ರೆ ಗೇಟ್ ತಾವೇ ನಿಂತ್ಕತ್ತದೆ ಅತ್ಗೆ. ತಲಕಾಡ್ನೋರು, ಕಳಲೆಯೋರು ಎಲ್ಲಾ ಬಂದು ನೋಡ್ಕಂಡು ಸಂಜೀಗೆ ಊರ್ ಸೇರ್ಕಬೌದು" ಎಂದ.

"ಕುಯ್ಯೋರು ಯಾರು? ಬಸ್ ಡ್ರೈವರಾ?"

"ಅಲ್ಲೂ ಡಾಕ್ಟ್ರವ್ರೆ. ಯಾರೂ ನೋಡಾಕ್ ಬರ್ನಿಲ್ಲ ಅಂದ್ರೆ ನಾಳೆ ಊರಲ್ಲಿ ಏನಂದಾರು?"

ತಂಗಿಯೂ ಅವನ ಕಡೆಗೇ ಇದ್ದಳು. ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮನೆಗೊಬ್ಬರು ಹೋಗಿ ನೋಡಬೇಕು. ಬ್ರೆಡ್ಡು, ಮೂಸಂಬಿ ಹಿಡಿದು ಹೋಗಿ, ಮಂಚದ ಪಕ್ಕ ಕೂತು, ಇದೇ ಕಾಯಿಲೆಯಲ್ಲಿ ಸತ್ತವರ ಕಥೆ ಹೇಳಿ ಬರಬೇಕು. ಹೋಗದವರನ್ನು ಮುಂದಿನ ಮದುವೆಗೆ ಕರೆಯುವುದಿಲ್ಲ. ನನ್ನ ತಂಗಿ ಮೂವತ್ತು ವರ್ಷದಿಂದ ಯಾರನ್ನೂ ಬಿಡದೆ ನೋಡಿ ಬಂದವಳು. ಈಗ ಅವಳು ಮಲಗುವ ಸರದಿ, ಅವರು ಬರುವ ಸರದಿ. ಬೆಂಗಳೂರಿನಲ್ಲಿ ಮಲಗಿದರೆ ಯಾರು ಬರುತ್ತಾರೆ?

"ಸತ್ರೂವೆ ಅಲ್ಲಾದ್ರೆ ಊರ್ಗತ್ರ ಕಣಕ್ಕ" ಎಂದಳು.

"ಸಾಯಾಕಾದ್ರೆ ಆಸ್ಪತ್ರೆ ಯಾಕೆ? ಇಲ್ಲೇ ಜಗ್ಲಿ ಐತಲ್ಲ" ಎಂದೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಇಪ್ಪತ್ತೆಂಟು ವರ್ಷ ಒಂದು ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆದವಳು. ಬೆಂದ ಗೂಡಿನ ಮೇಲೆ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಬೇಕು. ನಮ್ಮ ಮೇಸ್ತ್ರಿ ಒಳ್ಳೆಯ ಗೂಡನ್ನೆಲ್ಲ ಯಾವಾಗಲೂ ನಾಲ್ಕೇ ಜನರ ಮುಂದೆ ಸುರಿಯುತ್ತಿದ್ದ. ಮಿಕ್ಕವರು ಮುನಿಸಿಕೊಳ್ಳುತ್ತಿದ್ದರು. ನಾವೇನು ಕೈಯಿಲ್ಲದವರಾ ಎನ್ನುತ್ತಿದ್ದರು. ಕೈ ಇತ್ತು. ಆದರೆ ದಿನಾ ಅದೇ ಗೂಡು ಮುಟ್ಟುವವಳಿಗೆ ಎಳೆ ಕಡಿಯುವ ಮುಂಚೆಯೇ ಬೆರಳಿಗೆ ಗೊತ್ತಾಗುತ್ತದೆ. ಅಪರೂಪಕ್ಕೆ ಮುಟ್ಟುವವಳಿಗೆ ಕಡಿದ ಮೇಲೆ ಗೊತ್ತಾಗುತ್ತದೆ. ಆ ನಾಲ್ವರಲ್ಲಿ ನಾನೊಬ್ಬಳು, ಅದಕ್ಕೇ ಮೇಸ್ತ್ರಿಯ ಪರ ಮಾತಾಡುತ್ತೇನೆ ಎಂದುಕೊಂಡರೂ ಸರಿ. ನಾವು ನಾಲ್ವರೂ ಕೆಲಸ ಬಿಟ್ಟ ವರ್ಷ ಆ ಶೆಡ್ಡಿನಲ್ಲಿ ಒಳ್ಳೆಯ ನೂಲು ತೆಗೆಯುವವರೇ ಇರಲಿಲ್ಲ. ಅದನ್ನೂ ಹೇಳಬೇಕು.

ಆ ಗೇಟಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತು. ನಮ್ಮನ್ನೆಲ್ಲ ಕೂರಿಸಿ ಚಿತ್ರ ಬರೆದು ತೋರಿಸಿದರು. ಬರೆದಾದ ಮೇಲೆ ಕೇಳಿದೆ.

"ಇಂಥವು ಈ ವರ್ಷ ಎಷ್ಟು ಮಾಡಿದ್ರಿ ಸಾ?"

ತಂಗಿಯ ಗಂಡ ನನ್ನ ಸೆರಗು ಎಳೆದ.

"ಎರಡು, ಅಜ್ಜಿ" ಎಂದರು ಡಾಕ್ಟರು.

"ಇಬ್ರೂ ಬದ್ಕವ್ರಾ?"

"ಒಬ್ರಿದಾರೆ."

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ ಅವರೇ ಮಾತು ಮುಂದುವರಿಸಿದರು. "ಕೊಯ್ಯೋದು ನನಗೆ ಬರುತ್ತೆ. ಆದರೆ ಕಷ್ಟ ಇರೋದು ಆಮೇಲಿನ ಹತ್ತು ದಿನ. ಹೊಲಿಗೆ ಸೋರೋಕೆ ಶುರುವಾದ್ರೆ ನೋಡಿದ ತಕ್ಷಣ ಗೊತ್ತಾಗಬೇಕು. ಅಷ್ಟು ನೋಡಿರೋ ನರ್ಸುಗಳು ನಮ್ಮಲ್ಲಿಲ್ಲ. ಬೆಂಗಳೂರಲ್ಲಿ ವಾರ ವಾರ ಮಾಡ್ತಾರೆ. ಅಲ್ಲಿಗೆ ಕಾಗದ ಬರ್ಕೊಡ್ಲಾ?"

"ನೀವೂ ಕಲೀಬೇಕಲ್ವ ಸಾ" ಎಂದ ತಂಗಿಯ ಗಂಡ, ಉಪಕಾರ ಮಾಡುವವನ ಹಾಗೆ.

"ಕಲೀಲಿ. ನಿಂಗೇನಾದ್ರೂ ಬಂದಾಗ ಕಲೀಲಿ" ಎಂದೆ. ಡಾಕ್ಟರು ತಲೆ ತಗ್ಗಿಸಿ ಕಾಗದ ಬರೆದರು. ನಕ್ಕರೋ ಏನೋ, ಕಾಣಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಯಾರೂ ಚಿತ್ರ ಬರೆದು ತೋರಿಸಲಿಲ್ಲ. ತಂಗಿಗೆ ಒಂದು ನಂಬರು ಕೊಟ್ಟರು. ಮೂರು ವಾರ ಕಾಯಿಸಿದರು. ಪಕ್ಕದ ಛತ್ರದಲ್ಲಿ ಚಾಪೆ ಹಾಸಿಕೊಂಡು ಬಿದ್ದಿದ್ದೆವು. ನಮ್ಮ ಪಕ್ಕದ ಚಾಪೆಯಲ್ಲಿ ಬೀದರ್ ಕಡೆಯ ಒಬ್ಬ ಹೆಂಗಸಿದ್ದಳು. ಅವಳ ಗಂಡನ ಸರದಿ ಬರುವಷ್ಟರಲ್ಲಿ ಕಾಯಿಲೆ ಬೇರೆ ಕಡೆಗೂ ಹೋಗಿತ್ತಂತೆ, ಇನ್ನು ಕೊಯ್ದು ಪ್ರಯೋಜನವಿಲ್ಲ ಎಂದು ವಾಪಸು ಕಳಿಸಿದರು. ಅವರು ಚಾಪೆ ಸುತ್ತಿಕೊಂಡು ಹೊರಡುವಾಗ ತಂಗಿ ನನ್ನ ಮುಖ ನೋಡಿದಳು. ನಾನು ಹಟ ಹಿಡಿದು ಕರೆತಂದವಳು, ಇವಳಿಗೂ ಹಾಗಾದರೆ ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಆವತ್ತು ಮೊದಲ ಸಲ ಹೆದರಿದೆ.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತು. ಮಾಡಿದ ಡಾಕ್ಟರನ್ನು ನಾನು ನೋಡಿದ್ದು ಎರಡು ಸಲ, ಎರಡು ಸಲವೂ ಬೆನ್ನು. ಆರನೆಯ ದಿನ ನಾನು ಮಂಚದ ಪಕ್ಕ ಕೂತು ಅವಳ ಕೊಳವೆಯಲ್ಲಿ ಬರುವ ನೀರನ್ನೇ ನೋಡುತ್ತಿದ್ದೆ. ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ. ಹಾದು ಹೋಗುತ್ತಿದ್ದ ನರ್ಸು ಎರಡು ಹೆಜ್ಜೆ ಹಿಂದೆ ಬಂದು ನಿಂತಳು.

"ಈ ಬಣ್ಣ ಯಾವಾಗಿಂದ?"

"ಯಾವ ಬಣ್ಣ?" ಎಂದೆ.

ಅವಳು ಆಗಲೇ ಡಾಕ್ಟರಿಗೆ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ತಂಗಿಯನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಹೊಲಿಗೆ ಸೋರುತ್ತಿತ್ತು. ಇನ್ನೊಂದು ಕೊಳವೆ ಹಾಕಿ, ಹನ್ನೊಂದು ದಿನ ಐಸಿಯುನಲ್ಲಿಟ್ಟು ಉಳಿಸಿದರು. ಬಸ್ಸು ನಿಲ್ಲುವ ಆಸ್ಪತ್ರೆಯಲ್ಲಿ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಉಳಿಯುತ್ತಿದ್ದಳೋ ಏನೋ. ಅಲ್ಲಿದ್ದಿದ್ದರೂ ನಾನು ಹೀಗೇ ಕೂತು, ಏನೂ ತಿಳಿಯದೆ ಆ ನೀರನ್ನೇ ನೋಡುತ್ತಿದ್ದೆ ಎಂಬುದಂತೂ ನಿಜ.

ಮನೆಗೆ ಬಂದು ಎರಡು ವರ್ಷವಾಯಿತು. ಈಗ ಮೂರು ತಿಂಗಳಿಗೊಮ್ಮೆ ತೋರಿಸುವುದು ಆ ಗೇಟಿನ ಆಸ್ಪತ್ರೆಯಲ್ಲೇ. ಬೆಂಗಳೂರಿನವರೇ ಆ ಡಾಕ್ಟರಿಗೆ ಕಾಗದ ಕೊಟ್ಟಿದ್ದಾರೆ. ಕೊಯ್ಯಿಸುವುದಕ್ಕೆ ದೂರ ಹೋಗಬೇಕು, ಆದರೆ ತೋರಿಸುವುದಕ್ಕೂ ದೂರ ಎಳೆದಾಡಬಾರದು. ನನ್ನನ್ನು ಯಾರೂ ಕೇಳಿಲ್ಲ, ಕೇಳಿದರೆ ಇಷ್ಟು ಹೇಳುತ್ತೇನೆ.

ತಂಗಿ ನನ್ನನ್ನು ಕ್ಷಮಿಸಿಲ್ಲ. ಒಂದೂವರೆ ತಿಂಗಳಲ್ಲಿ ಅವಳನ್ನು ನೋಡಲು ಬೆಂಗಳೂರಿಗೆ ಬಂದವರು ಇಬ್ಬರು. ಅದರಲ್ಲಿ ಒಬ್ಬ ಬೇರೆ ಕೆಲಸಕ್ಕೆ ಬಂದಿದ್ದವನು. ಬರದವರ ಪಟ್ಟಿ ಅವಳಿಗೆ ಬಾಯಿಪಾಠ. ನಾನು ಹೋದಾಗಲೆಲ್ಲ ಒಪ್ಪಿಸುತ್ತಾಳೆ.

ಹೋದ ತಿಂಗಳು ನಾನು ಅಲ್ಲಿದ್ದಾಗ ಮುಡುಕುತೊರೆಯ ಒಬ್ಬ ಹೆಂಗಸು ಗಂಡನ ರಿಪೋರ್ಟು ಹಿಡಿದು ಬಂದಳು. ಅದೇ ಕಾಯಿಲೆ. ಎಲ್ಲಿ ಮಾಡಿಸಲಿ ಎಂದು ತಂಗಿಯನ್ನು ಕೇಳಿದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ.

"ಬೆಂಗ್ಳೂರ್ಗೋಗು" ಎಂದಳು ತಂಗಿ. "ತಡ ಮಾಡ್ಬೇಡ, ಸೋಮಾರವೇ ಓಗು. ಅಲ್ಲಿ ಸರದಿ ಉದ್ದ."

"ಅಷ್ಟು ದೂರ ನೋಡಾಕ್ ಯಾರೂ ಬರಾಕಿಲ್ವಲ್ಲಕ್ಕ?"

"ಬರಾಕಿಲ್ಲ. ನನ್ನೂ ನೋಡಾಕ್ ಬರ್ನಿಲ್ಲ. ನೀನೂ ಬರ್ನಿಲ್ಲ" ಎಂದಳು ತಂಗಿ. "ಜೊತೇಲಿರಾಕೆ ಒಬ್ರು ಸಾಕು. ಮಾತು ಕಡ್ಮೆ ಇರೋರ್ನ ಕರ್ಕೊಂಡೋಗು. ನಂಗೆ ನೋಡು, ಇವ್ಳು ಸಿಕ್ಕಿದ್ಳು."