ಯಾರಿಗೂ ಕೊಡದ ಒಂದು ಟೆರಾಬೈಟ್

ನಕ್ಷೆ ತಯಾರಿಸುವ ಆ ಕಚೇರಿಗೆ ಹನ್ನೆರಡು ವರ್ಷದಿಂದ ಡಿಸ್ಕ್ ಮಾರುತ್ತಿದ್ದೇನೆ. ಅಲ್ಲಿ ಡಿಸ್ಕಿನ ಜಾಗ ನೋಡಿಕೊಳ್ಳುವವನನ್ನು ಎಲ್ಲರೂ ಕರೆಯುವುದು ‘ಬಿಗಿಮುಷ್ಟಿ’ ಎಂದೇ. ಎಂಜಲ ಕೈಯಲ್ಲಿ ಕಾಗೆ ಓಡಿಸದವ; ನನ್ನಿಂದ ಒಂದು ಡಿಸ್ಕ್ ಕೊಳ್ಳಲು ನಾಲ್ಕು ತಿಂಗಳು ಯೋಚಿಸುವವ.

ಅವನ ಕೋಣೆಯಲ್ಲಿರುವುದು ಇಪ್ಪತ್ತು ಟೆರಾಬೈಟಿನ ಒಂದೇ ಪೆಟ್ಟಿಗೆ. ಅದನ್ನು ನಂಬಿ ಓಡುವ ಹನ್ನೆರಡು ವರ್ಚುವಲ್ ಯಂತ್ರಗಳಿಗೆ, ಅಂದರೆ ವಿಭಾಗಕ್ಕೊಂದರಂತೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರುಗಳಿಗೆ, ತಲಾ ಮೂರು ಟೆರಾಬೈಟ್ ಇದೆ ಎಂದು ಹೇಳಿಟ್ಟಿದ್ದಾನೆ. ಎಲ್ಲರೂ ಒಮ್ಮೆಗೇ ತುಂಬುವುದಿಲ್ಲ ಎಂಬ ಧೈರ್ಯ. ಪೆಟ್ಟಿಗೆ ತುಂಬಿದರೆ ಮಾತ್ರ ಹನ್ನೆರಡೂ ನಿಲ್ಲುತ್ತವೆ. ಹಿಂದೊಮ್ಮೆ ನಿಂತಾಗ ಮ್ಯಾನೇಜರು, “ಇನ್ನೊಂದ್ಸಲ ಹೀಗಾದ್ರೆ ಮನೇಲೇ ಇರಿ” ಎಂದಿದ್ದರು. ಅದಕ್ಕೇ ಅವನು ಬರೀ ಸೊನ್ನೆ ತುಂಬಿದ ಒಂದು ಟೆರಾಬೈಟಿನ ಕಡತ ಮಾಡಿ, ‘ಹಳೆಯ ಸಭೆಗಳ ನಡಾವಳಿ’ ಎಂದು ಹೆಸರಿಟ್ಟ. ಯಾರೂ ತೆರೆಯದ ಹೆಸರು. ಕಷ್ಟದ ದಿನ ಅದನ್ನು ಅಳಿಸಿದರೆ ಉಸಿರಾಡಲು ಜಾಗ ಸಿಗುತ್ತದೆ.

ತೆರೆದವನು ಅವನ ಹೆಂಡತಿಯ ತಮ್ಮನೇ, ಚಿತ್ರ ವಿಭಾಗದ ಮುಖ್ಯಸ್ಥ.

“ಭಾವ, ನಮ್ಮ ಫೋಟೋಗೆ ಜಾಗ ಇಲ್ಲ, ನಿಮ್ಮ ಸೊನ್ನೆಗೆ ಇದೆಯಾ?”

“ಅದನ್ನ ಮುಟ್ಟಬೇಡ. ಮೊದಲು ನಿನ್ನ ಮೂರು ವರ್ಷದ ಕಸ ತೆಗಿ.”

“ಅಕ್ಕನಿಗೆ ಬೀರುವಲ್ಲಿ ಒಂದೇ ಹಲಗೆ ಕೊಟ್ಟ ಧಾರಾಳಿ ಅಲ್ವಾ ನೀವು!”

“ನಿಮ್ಮಕ್ಕನಿಗೆ ಮಡಚಿಡೋಕೆ ಬರುತ್ತೆ. ನಿನಗೆ ಬರೀ ತುರುಕೋಕೆ.”

ಭಾವಮೈದ ನೆಟ್ಟಗೆ ಮ್ಯಾನೇಜರ ಬಳಿ ಹೋದ. ಕಡತ ಅಳಿಸಿ ಆ ಜಾಗ ಚಿತ್ರ ವಿಭಾಗಕ್ಕೆ ಕೊಡಬೇಕೆಂದು ಆದೇಶ ಬಂತು. ಬಿಗಿಮುಷ್ಟಿ ಆ ಆದೇಶಕ್ಕೆ ಇಬ್ಬರಿಂದಲೂ ಸಹಿ ಹಾಕಿಸಿಕೊಂಡು ಅಳಿಸಿದ.

ನಾಲ್ಕನೇ ದಿನ ಮಧ್ಯಾಹ್ನ ಫೋಟೋಗಳು ಪೆಟ್ಟಿಗೆಯನ್ನು ಗಂಟಲವರೆಗೆ ತುಂಬಿದವು. ಹನ್ನೆರಡೂ ನಿಂತವು. ನನಗೆ ಕರೆ ಬಂತು. ನಾನು ಹೋದಾಗ ಮ್ಯಾನೇಜರು ಅವನ ಮೇಲೆ ಹಾರಾಡುತ್ತಿದ್ದರು. ಅವನು ಸಹಿಯ ಹಾಳೆಯನ್ನು ಮೇಜಿನ ಮೇಲಿಟ್ಟ. ಹಾರಾಟ ನಿಂತಿತು. ಅವನ ಕೆಲಸ ಉಳಿಯಿತು ಎಂದು ನನಗೆ ಆಗಲೇ ಗೊತ್ತಾಯಿತು.

“ಒಂದು ಯಂತ್ರ ಪೂರ್ತಿ ಆಫ್ ಮಾಡಿದ್ರೆ, ಅದು ಓಡೋಕೆ ಅಂತ ಹಿಡಿದಿಟ್ಟ ಜಾಗ ಬಿಡುತ್ತೆ. ಉಳಿದವು ಏಳ್ತವೆ” ಎಂದ.

“ಯಾವುದನ್ನ?” ಎಂದರು ಮ್ಯಾನೇಜರು.

ಬಿಗಿಮುಷ್ಟಿ ಭಾವಮೈದನ ಯಂತ್ರ ಆಫ್ ಮಾಡಿದ. ಹನ್ನೊಂದು ಎದ್ದವು.

ಭಾವಮೈದ ಹಲ್ಲು ಕಡಿಯುತ್ತ ನನ್ನತ್ತ ತಿರುಗಿದ. “ಹೊಸ ಡಿಸ್ಕ್ ಯಾವಾಗ ಕೊಡ್ತೀರಿ?”

ಅಂಗಡಿಯಲ್ಲೇ ನಾಲ್ಕಿದ್ದವು. ನಾಳೆ ಎನ್ನಲು ಬಾಯಿ ತೆರೆದೆ. ಬಿಗಿಮುಷ್ಟಿ ನನ್ನನ್ನೇ ದಿಟ್ಟಿಸುತ್ತಿದ್ದ. ಆರ್ಡರ್ ಬರೆಯುವವನು ಅವನೇ ತಾನೆ.

“ಹದಿನೈದು ದಿನ ಆಗುತ್ತೆ ಸಾರ್” ಎಂದೆ.