ನಿಧಾನಕ್ಕ ಒಮ್ಮೆ ಅವಸರಪಟ್ಟಾಗ

ನನ್ನ ಹೆಂಡತಿಗೆ ನಮ್ಮ ಬೀದಿಯವರು ಇಟ್ಟ ಹೆಸರು ನಿಧಾನಕ್ಕ. ಕಂಪ್ಯೂಟರ್ ರಿಪೇರಿ ಅವಳ ಕಸುಬು. ಯಂತ್ರ ಆನ್ ಆದ ಕೂಡಲೇ ನಮ್ಮನ್ನು ಕೇಳದೆ ತಾವೇ ಎದ್ದು ಕೂರುವ ಪ್ರೋಗ್ರಾಮುಗಳಿರುತ್ತವೆ, ಕರೆಯದೆ ಬಂದ ನೆಂಟರ ಹಾಗೆ. ಅವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ನೋಡಿ ಬೇಡದವನ್ನು ಮಲಗಿಸುವುದು ಅವಳ ಅರ್ಧ ಕೆಲಸ. ಹಳೆಯ ಪ್ರೋಗ್ರಾಮುಗಳು ಬಿಟ್ಟುಹೋದ ಕಸ ಗುಡಿಸುವುದು ಉಳಿದರ್ಧ.

ಬೇರೆಯವರು ಇದನ್ನು ಚಿಟಿಕೆ ಹೊಡೆಯುವುದರೊಳಗೆ ಮುಗಿಸುತ್ತಾರೆ. ಇವಳು ಒಂದೇ ಒಂದನ್ನು ಆಫ್ ಮಾಡಿ, ಯಂತ್ರವನ್ನು ಮತ್ತೆ ಆನ್ ಮಾಡಿ, ಮನೆಯವರ ಕೈಯಲ್ಲಿ ದಿನದ ಕೆಲಸವೆಲ್ಲ ಮಾಡಿಸಿ ನೋಡುತ್ತಾಳೆ. ಎಲ್ಲ ಸರಿಯಿದ್ದರೆ ಮುಂದಿನದು. ಯಾವುದನ್ನೂ ಅಳಿಸುವುದಿಲ್ಲ. ಕಸದಂತೆ ಕಂಡ ಫೋಲ್ಡರಿನ ಹೆಸರಿನ ಮುಂದೆ 'ಹಳೆ' ಎಂದು ಸೇರಿಸಿ ಬಿಟ್ಟಿರುತ್ತಾಳೆ. ಅದಿಲ್ಲದೆ ಏನೂ ಕೆಡದಿದ್ದರೆ ಮುಂದಿನ ಸಲ ಬಂದಾಗ ತೆಗೆಯುತ್ತಾಳೆ. ನಾನು ದರ್ಜಿ. ಅವಳಿಗೆ ಸ್ಕೂಟರ್ ಬರುವುದಿಲ್ಲವಾದ್ದರಿಂದ ಅಂಗಡಿಗೆ ಬೀಗ ಹಾಕಿ ನಾನೇ ಕರೆದುಕೊಂಡು ಹೋಗಬೇಕು. ಕಂಡವರ ಮನೆಯ ಮೂಲೆಯಲ್ಲಿ ಪೆದ್ದನ ಹಾಗೆ ಕೂತು ಕೂತು ನನ್ನ ತಾಳ್ಮೆ ಎಂದೋ ಕೆಟ್ಟಿದೆ.

ನಿವೃತ್ತ ಟೀಚರೊಬ್ಬರ ಮನೆಗೂ ಹಾಗೆಯೇ ಹೋದೆವು. ಔಷಧಿ ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ. ಟೀಚರಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರಿಗೆ ಈಗ ಕಣ್ಣಿಲ್ಲ. ಈಕೆ ಬರೆದುಕೊಟ್ಟರೆ ಅವರು ಓದಲಾರರು, ಸನ್ನೆ ಮಾಡಿದರೆ ಕಾಣಲಾರರು. ಆ ಇಬ್ಬರ ನಡುವೆ ಇರುವುದು ಆ ಕಂಪ್ಯೂಟರ್ ಒಂದೇ. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಟೀಚರನ್ನು ಕೂರಿಸಿ, ಅವರ ಮಾತುಗಳನ್ನು ರೆಕಾರ್ಡ್ ಮಾಡಿ ಅದರಲ್ಲಿ ಹಾಕಿಕೊಟ್ಟಿದ್ದರು. ಟೀಚರ್ ಟೈಪ್ ಮಾಡಿದರೆ ಅದು ಅವರದೇ ದನಿಯಲ್ಲಿ ಮಾತಾಡುತ್ತದೆ. ಈಚೆಗೆ ಅದು ಏಳುವುದಕ್ಕೇ ಯುಗ ಹಿಡಿಯುತ್ತಿತ್ತು. ಯಜಮಾನರು ಒಳಗಿನಿಂದ ಕೂಗಿದರೆ ಉತ್ತರವಿಲ್ಲದೆ ಕಾಯಬೇಕಾಗಿತ್ತು.

ಇವಳು ಕೆಲಸಕ್ಕೆ ಕೂತಳು. ಎಂದೋ ಮಾರಿದ್ದ ಪ್ರಿಂಟರಿನದೊಂದು ಪ್ರೋಗ್ರಾಮು ಸಿಕ್ಕಿತು, ಆಫ್. ಯಾವುದೋ ಆಟದ್ದೊಂದು, ಅದೂ ಆಫ್. ಪ್ರತಿ ಸಲವೂ ಟೀಚರ್ ಟೈಪ್ ಮಾಡಿ ನೋಡುತ್ತಿದ್ದರು. "ರೀ, ಮಾತ್ರೆ ತಗೊಂಡ್ರಾ?" ಎಂದು ಯಂತ್ರ ಕೇಳುತ್ತಿತ್ತು. "ತಗೊಂಡೆ ಕಣೇ, ಎಷ್ಟು ಸಲ ಕೇಳ್ತೀಯ!" ಎಂದು ಯಜಮಾನರು ನಗುತ್ತಿದ್ದರು.

ಕೊನೆಗೆ ಒಂದು ಉಳಿಯಿತು. ಮಾಡಿದ ಕಂಪನಿಯ ಹೆಸರಿಲ್ಲ, ಬರೀ ಅಕ್ಷರ ಅಂಕಿಗಳ ಕಲಸುಮೇಲೋಗರ. ಅದರ ಫೋಲ್ಡರೂ ಹಾಗೆಯೇ, ವಾರಸುದಾರರಿಲ್ಲದ ಗಂಟು. ಇದು ಏನು ಎಂದು ಕೇಳಿದರೆ ಟೀಚರ್ ಚೀಟಿಯ ಮೇಲೆ 'ಗೊತ್ತಿಲ್ಲ' ಎಂದು ಬರೆದರು.

ಅಷ್ಟೂ ಸಲ ಕೆಲಸ ಸುಸೂತ್ರವಾದರೆ ಯಾರ ಕೈಗಾದರೂ ಸ್ವಲ್ಪ ಕೊಬ್ಬು ಬರುತ್ತದೆ. ಇವಳು ಅದನ್ನು ಆಫ್ ಮಾಡಿದಳು. ಅಷ್ಟಕ್ಕೇ ಬಿಡದೆ, ಅದೇ ಉಸಿರಿನಲ್ಲಿ ಫೋಲ್ಡರಿನ ಹೆಸರಿಗೂ 'ಹಳೆ' ಸೇರಿಸಿದಳು. ಒಂದು ಸಲಕ್ಕೆ ಒಂದೇ ಎಂದು ನನಗೆ ಉಪದೇಶ ಹೇಳುವವಳು!

ಯಂತ್ರ ಈ ಸಲ ಬೇಗ ಎದ್ದಿತು. ಟೀಚರ್ ಖುಷಿಯಿಂದ ಟೈಪ್ ಮಾಡಿದರು.

"ರೀ, ಬೇಗ ಆನ್ ಆಯ್ತು," ಎಂದಿತು. ಗಂಡಸಿನ ದನಿ. ಯಂತ್ರದ ಜೊತೆಗೇ ಬಂದಿದ್ದ ಒಣಕಲು, ಪರಕೀಯ ದನಿ.

ಒಳಗಿನ ಕುರ್ಚಿ ಕಿರ್ರೆಂದಿತು. "ಯಾರು ಬಂದಿರೋದು?" ಎಂದರು ಯಜಮಾನರು.

ಟೀಚರ ಬೆರಳುಗಳು ಕೀಲಿಗಳ ಮೇಲೆಯೇ ನಿಂತುಬಿಟ್ಟವು. ಉತ್ತರ ಹೇಳಬೇಕೆಂದರೂ ಹೇಳುವುದು ಆ ಗಂಡಸೇ.

"ಏನಿಲ್ಲ ಸರ್, ಒಂದು ನಿಮಿಷ," ಎಂದಳು ಇವಳು. ಆಫ್ ಮಾಡಿದ್ದನ್ನು ಆನ್ ಮಾಡಿ ಯಂತ್ರವನ್ನು ಮತ್ತೆ ಎಬ್ಬಿಸಿದಳು. ಟೀಚರ್ ಒಂದೇ ಪದ ಒತ್ತಿದರು. ಅದೇ ಗಂಡಸು. ಇನ್ನೊಮ್ಮೆ ಎಬ್ಬಿಸಿದಳು. ಅದೇ ಗಂಡಸು, ಪರದೆಯ ಮೇಲೆ 'ದನಿಯ ಫೈಲ್ ಸಿಗಲಿಲ್ಲ' ಎಂಬ ಸಾಲು ಬೇರೆ.

ಯಜಮಾನರು ಎದ್ದೇ ಬಂದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿತು. "ಎಲ್ಲಿದೀಯೇ? ಯಾಕೆ ಮಾತಾಡ್ತಿಲ್ಲ? ಇದ್ದೀಯಾ?" ಟೀಚರ್ ಓಡಿಹೋಗಿ ಅವರ ಕೈ ಹಿಡಿದುಕೊಂಡರು. ಅವರು ಆ ಕೈಯನ್ನು ತಡವಿ, ಬಳೆ ಮುಟ್ಟಿ, "ಏನಾಯ್ತು ಹೇಳು," ಎಂದರು. ಟೀಚರ ಬಾಯಿ ಆಡಿತು. ಬರೀ ಗಾಳಿ ಬಂತು.

ಇವಳು ಏನೇನೋ ತೆರೆದು ಮುಚ್ಚುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಅವಸರಪಟ್ಟದ್ದನ್ನು ನಾನು ನೋಡಿರಲಿಲ್ಲ. ನನಗೂ ಭಯವಾಯಿತು, ಭಯವಾದರೆ ನನಗೆ ಸಿಟ್ಟು ಬರುತ್ತದೆ.

"ಕೈ ತೆಗಿಯೇ ಅದರ ಮೇಲಿಂದ!" ಎಂದು ಗದರಿದೆ. "ಹೊಲಿಗೆ ತಪ್ಪಿದ್ರೆ ಎಲ್ಲಾ ಕಡೆ ಕತ್ತರಿ ಹಾಕ್ತಾರಾ? ಕೊನೇ ಹೊಲಿಗೆಯಿಂದ ಬಿಚ್ಕೊಂಡು ಬಾ. ಕೊನೇಲಿ ಏನ್ ಮಾಡ್ದೆ, ಹೇಳು."

"ಅದನ್ನ ಆಫ್ ಮಾಡ್ದೆ. ಮತ್ತೆ ಆನೂ ಮಾಡ್ದೆನಲ್ಲ."

"ಅದಾದ್ಮೇಲೆ?"

ಅವಳು ನನ್ನನ್ನೇ ನೋಡಿದಳು. "ಅಯ್ಯೋ," ಎಂದಳು ಮೆಲ್ಲಗೆ. "ಹಳೆ."

ಪ್ರೋಗ್ರಾಮು ಎದ್ದಿತ್ತು, ತನ್ನ ಮನೆಯನ್ನು ಹುಡುಕುತ್ತಿತ್ತು, ಟೀಚರ ದನಿಯಿದ್ದ ಆ ಮನೆಯ ಹೆಸರನ್ನೇ ಇವಳು ಬದಲಿಸಿದ್ದಳು. ಆ ಎರಡು ಅಕ್ಷರ ಅಳಿಸಿ ಯಂತ್ರವನ್ನು ಮತ್ತೆ ಆನ್ ಮಾಡಿದಳು. ಅದು ಏಳುವಷ್ಟರಲ್ಲಿ ಟೀಚರ್ ಗಂಡನನ್ನು ಅದರ ಹತ್ತಿರ ಕರೆತಂದರು. ಅವರ ಕೈಯನ್ನು ಬಿಡದೆ, ಇನ್ನೊಂದು ಕೈಯಿಂದ ಒಂದೊಂದೇ ಕೀಲಿ ಒತ್ತಿದರು.

"ನಾನೇ ರೀ. ಇಲ್ಲೇ ಇದ್ದೀನಿ. ಕೂತ್ಕೊಳ್ಳಿ."

ಯಜಮಾನರು ನಿಂತಲ್ಲೇ ಕೂತರು, ಕುರ್ಚಿ ಇದೆಯೋ ಇಲ್ಲವೋ ತಡವಿ ನೋಡಲಿಲ್ಲ. ಅದೃಷ್ಟಕ್ಕೆ ನಾನು ಎದ್ದು ನನ್ನ ಸ್ಟೂಲನ್ನು ಅವರ ಹಿಂದಕ್ಕೆ ತಳ್ಳಿದ್ದೆ.

ಇವಳು ತಪ್ಪು ಮುಚ್ಚಿಡಲಿಲ್ಲ. "ನನ್ನಿಂದಾನೇ ಆಯ್ತು ಟೀಚರ್. ಗೊತ್ತಿಲ್ಲದ್ದನ್ನ ಕಸ ಅನ್ಕೊಂಡೆ," ಎಂದಳು. ಕಣ್ಣೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಆ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ, ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ, "ಇದರಲ್ಲಿ ಟೀಚರ್ ದನಿ ಇದೆ ಸರ್. ಆ ಯಂತ್ರ ಕೆಟ್ರೂ ಇದು ಇರುತ್ತೆ," ಎಂದು ಯಜಮಾನರ ಅಂಗೈಯಲ್ಲಿ ಇಟ್ಟಳು.

ಅವರು ಅದನ್ನು ಬೆರಳುಗಳ ನಡುವೆ ಹೊರಳಿಸಿದರು. ಆಮೇಲೆ, ಜೀವಮಾನವೆಲ್ಲ ಗಡಿಯಾರ ಹಿಡಿದ ಹಾಗೆಯೇ, ಮೆಲ್ಲಗೆ ಕಿವಿಯ ಹತ್ತಿರ ಹಿಡಿದರು.

"ಅದರಲ್ಲಿ ಏನೂ ಕೇಳ್ಸಲ್ಲ ರೀ," ಎಂದಿತು ಟೀಚರ ದನಿ.

"ಗೊತ್ತು ಕಣೇ," ಎಂದರು. ಕಿವಿಯಿಂದ ತೆಗೆಯಲಿಲ್ಲ.